ಹನ್ನೊಂದು ಭೇಟಿ, ಒಂದೂವರೆ ಕಿವಿ

ಜನವರಿ ೧೫, ೨೦೦೭, ಸೋಮವಾರ. ಶೋವ್ಡೆ, ಸ್ವೀಡನ್

ನಿನ್ನೆ ಮಧ್ಯಾಹ್ನ ಬಿರುಗಾಳಿ ಬಂದು ಹೋಯಿತಂತೆ. ರೇಡಿಯೋದಲ್ಲಿ ಬೆಳಗಿನಿಂದ ಅದೇ ಸುದ್ದಿ. ರೈಲು ನಿಂತಿದೆ, ಹಳ್ಳಿಗಳಲ್ಲಿ ಕರೆಂಟ್ ಇಲ್ಲ, ಲೆಕ್ಕವಿಲ್ಲದಷ್ಟು ಮರಗಳು ಉರುಳಿವೆ. ಅವುಗಳಲ್ಲಿ ಒಂದು ನಮ್ಮ ಮಲಗುವ ಕೋಣೆಯ ಕಿಟಕಿಯಿಂದ ಹತ್ತು ಮೀಟರ್ ಆಚೆ ಬಿದ್ದಿದೆ. ಆಗ ನಾನು ಎಡಗಿವಿಯನ್ನು ದಿಂಬಿಗೆ ಒತ್ತಿಕೊಂಡು ನಿದ್ದೆ ಹೊಡೆಯುತ್ತಿದ್ದೆ. ಎದ್ದು ಬಂದು "ಟೀ ಆಯ್ತಾ?" ಎಂದು ಕೇಳಿದಾಗ ಹೆಂಡತಿ ಪ್ರಫುಲ್ಲಾ, ಮಗಳು ಇರಾ ಇಬ್ಬರೂ ಕೈಯಲ್ಲಿ ಮೇಣದ ಬತ್ತಿ ಹಿಡಿದು ನನ್ನನ್ನೇ ನೋಡಿದರು.

ಬಲಗಿವಿ ಕೈಕೊಟ್ಟು ಇವತ್ತಿಗೆ ಒಂದು ವಾರ. ಕಳೆದ ಸೋಮವಾರ ಬೆಳಿಗ್ಗೆ ಎದ್ದಾಗ ಅದರೊಳಗೆ ಯಾರೋ ಹತ್ತಿ ತುರುಕಿದಂತಿತ್ತು. ನೋವಿಲ್ಲ, ಜ್ವರವಿಲ್ಲ. ಆಸ್ಪತ್ರೆಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಮಾತ್ರೆ ಬರೆದುಕೊಟ್ಟು, "ಕಾರಣ ಗೊತ್ತಾಗುವುದಿಲ್ಲ, ಒಮ್ಮೊಮ್ಮೆ ಹೀಗಾಗುತ್ತದೆ" ಎಂದರು. ಎಂಜಿನ್ನಿನ ಬಗ್ಗೆ ನಾನು ಹಾಗೊಂದು ರಿಪೋರ್ಟ್ ಬರೆದರೆ ನನ್ನನ್ನು ಅವತ್ತೇ ಮನೆಗೆ ಕಳಿಸುತ್ತಾರೆ.

ಮನೆಗೆ ಕಳಿಸಿದ್ದಾರೆ ಕೂಡ. ಏಪ್ರಿಲ್ ಕೊನೆಯವರೆಗೆ ರಜೆ. ಇಲ್ಲಿನ ಕಾರ್ ಎಂಜಿನ್ ಕಾರ್ಖಾನೆಯಲ್ಲಿ ಸಾಲಿನ ತುದಿಗೆ ಒಂದು ಕೇಳುವ ಕೋಣೆ ಇದೆ. ಅನುಮಾನ ಬಂದ ಎಂಜಿನ್ನನ್ನು ಅಲ್ಲಿ ಓಡಿಸುತ್ತಾರೆ. ಪಕ್ಕದಲ್ಲಿ ನಿಂತು ಕೇಳುವುದು ನನ್ನ ಕೆಲಸ. ಮೀಟರುಗಳು ಸರಿ ಎಂದದ್ದನ್ನು ಎಷ್ಟೋ ಸಲ ನಾನು ಸರಿಯಿಲ್ಲ ಎಂದಿದ್ದೇನೆ, ಬಿಚ್ಚಿ ನೋಡಿದಾಗ ನಾನೇ ಗೆದ್ದಿದ್ದೇನೆ. ಅಲ್ಲಿ ಯಾರೂ ನನ್ನನ್ನು ನಂದಕುಮಾರ ಎನ್ನುವುದಿಲ್ಲ. "ಕಿವಿ" ಎನ್ನುತ್ತಾರೆ.

ದಿನವೂ ಏನು ಕೇಳಿಸಿತು, ಏನು ಕೇಳಿಸಲಿಲ್ಲ ಎಂದು ಬರೆದಿಡಿ ಅಂತ ಶ್ರವಣ ಚಿಕಿತ್ಸೆಯ ಗುನ್ನೆಲ್ ಹೇಳಿದ್ದಾಳೆ. ತಾನು ಓದುವುದಿಲ್ಲವಂತೆ, ನನಗಾಗಿಯಂತೆ. ಹಾಗಾಗಿ ಕನ್ನಡ. ಇರಾಗೆ ಅದನ್ನು ಓದಲು ಬರುವುದಿಲ್ಲ. ಪ್ರಫುಲ್ಲಾಗೆ ಬರುತ್ತದೆ, ಆದರೆ ನನ್ನ ಅಕ್ಷರ ಕಂಡರೆ ಅವಳಿಗೆ ತಲೆನೋವು.

ಇಂದಿನ ದಾಖಲೆ. ಕೇಳಿಸಿದ್ದು: ಅಡುಗೆ ಮನೆಯ ಕಪಾಟು ಬಡಿದದ್ದು (ಪ್ರಫುಲ್ಲಾ, ಏಳು ಸಲ). ಒಣ ರೊಟ್ಟಿ ಕಚ್ಚಿದ್ದು (ಇರಾ, ಕಲ್ಲು ಒಡೆಯುವ ಯಂತ್ರಕ್ಕೆ ಸಮ). ಕೇಳಿಸದ್ದು: ಬಿರುಗಾಳಿ.

ಜನವರಿ ೨೨, ಸೋಮವಾರ

ಗುನ್ನೆಲ್ ಹೊಸ ಔಷಧಿ ಕೊಟ್ಟಳು. ದಿನಕ್ಕೆ ಅರ್ಧ ಗಂಟೆ ಸಂಗೀತ. ಒಂದೇ ವಾದ್ಯ ಇರಬೇಕು, ಸಣ್ಣ ದನಿಯಲ್ಲಿ ಹಾಕಬೇಕು, ನನಗೆ ಮೊದಲೇ ಗೊತ್ತಿರುವ ರಾಗ ಆಗಿರಬಾರದು. ಗೊತ್ತಿರುವುದಾದರೆ ಕಿವಿ ಸೋಮಾರಿಯಾಗಿ ಕೂರುತ್ತದೆ, ನೆನಪೇ ಎಲ್ಲವನ್ನೂ ತುಂಬಿಕೊಡುತ್ತದೆ ಎಂದಳು. ನನಗೆ ಗೊತ್ತಿರುವ ಸಂಗೀತವೆಂದರೆ ಯಕ್ಷಗಾನದ ಚಂಡೆ ಮತ್ತು ಹಳೆಯ ಸಿನಿಮಾ ಹಾಡು. ಎರಡೂ ಔಷಧಿಯ ಪಟ್ಟಿಯಲ್ಲಿಲ್ಲ.

ಲೈಬ್ರರಿಗೆ ಹೋದೆ. "ಒಂದೇ ವಾದ್ಯ, ಯಾರಿಗೂ ಗೊತ್ತಿಲ್ಲದ್ದು ಬೇಕು" ಎಂದೆ. ಕೌಂಟರಿನ ಹೆಂಗಸು ಸ್ವಲ್ಪ ಯೋಚಿಸಿ, ಸ್ಥಳೀಯರ ಕಪಾಟಿನಿಂದ ಒಂದು ಸಿಡಿ ತಂದಳು. ಹೆಸರು "ಹನ್ನೊಂದು ಭೇಟಿ". ಉಲ್ಲಾ ಬ್ರಾಂಟ್ ಎಂಬಾಕೆ ತಾನೇ ಕಟ್ಟಿ ತಾನೇ ನುಡಿಸಿದ ಪಿಯಾನೋ. ವೆಟ್ಟರ್ನ್ ಸರೋವರದ ದಂಡೆಯ ಯೋ ಎಂಬ ಪುಟ್ಟ ಊರಿನವಳು. ಹನ್ನೊಂದು ತುಣುಕು, ಹನ್ನೊಂದಕ್ಕೂ ಹೆಂಗಸರ ಹೆಸರು: ರೋಸಾ, ಸ್ಟಿಯಾರ್ನಾ, ಲಿಲ್ಯಾ, ಮಾಯ್‌ರೋಸ್, ಹೀಗೆ. ಬಹಳ ಗೆಳತಿಯರಿರುವ ಹೆಂಗಸು ಎಂದುಕೊಂಡೆ.

ಮನೆಗೆ ಬಂದು ಹಾಕಿದೆ. ಹಾಡು ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಎಂದು ಇಪ್ಪತ್ತು ನಿಮಿಷ ಕಾದೆ. ಯಾರೂ ಹಾಡಲಿಲ್ಲ. ಅದೂ ಅಲ್ಲದೆ ಪಿಯಾನೋ ಶ್ರುತಿಯಲ್ಲೇ ಇಲ್ಲ.

ಜನವರಿ ೨೫, ಗುರುವಾರ

ದೋಷ ಪಟ್ಟಿ ತಯಾರಿಸಿದ್ದೇನೆ. ಒಟ್ಟು ಇಪ್ಪತ್ತಮೂರು. ಮುಖ್ಯವಾದವು:

ಎಲ್ಲ ತುಣುಕುಗಳಲ್ಲಿ: ಮೇಲಿನ ಸ್ವರಗಳು ಜೋಡಿ ಜೋಡಿಯಾಗಿ ಕೇಳುತ್ತವೆ, ಒಂದು ಸರಿ, ಇನ್ನೊಂದು ಅರ್ಧ ಮೆಟ್ಟಿಲು ಕೆಳಗೆ. ಒಂದನೆಯದರಲ್ಲಿ: ಕುರ್ಚಿಯ ಕಿರುಗುಟ್ಟು. ಎರಡನೆಯದರಲ್ಲಿ: ಪೆಡಲಿಗೆ ಎಣ್ಣೆ ಬೇಕು. ನಾಲ್ಕನೆಯದರಲ್ಲಿ (ಮಾಯ್‌ರೋಸ್): ನಡುವೆ ಹನ್ನೊಂದು ಸೆಕೆಂಡು ಶಬ್ದವೇ ಇಲ್ಲ, ರೆಕಾರ್ಡಿಂಗ್ ಕಡಿದಿರಬಹುದು. ಆರನೆಯದರಲ್ಲಿ: ಗೊರಗೊರ ಎಂಬ ಅಪರಿಚಿತ ಸದ್ದು, ಮೂಲ ಪತ್ತೆಯಾಗಿಲ್ಲ.

ಸಿಡಿ ವಾಪಸ್ ಕೊಡಲು ಹೋದೆ. ಕೌಂಟರಿನವಳು ಹೆಡ್‌ಫೋನ್ ಹಾಕಿ ಎರಡು ನಿಮಿಷ ಕೇಳಿ, "ಚೆನ್ನಾಗಿದೆಯಲ್ಲ" ಎಂದಳು. ಇನ್ನೊಬ್ಬನನ್ನು ಕರೆದು ಕೇಳಿಸಿದಳು. ಅವನೂ ತಲೆಯಾಡಿಸಿದ. ಲೈಬ್ರರಿಯವರಿಗೆ ಪುಸ್ತಕದ ವಿಷಯ ಗೊತ್ತಿರಬಹುದು. ಸಿಡಿಯನ್ನು ಮತ್ತೆ ಮನೆಗೇ ತಂದೆ.

ಫೆಬ್ರವರಿ ೧, ಗುರುವಾರ

ಸಿಪ್ರಿಯನ್ ಬಂದಿದ್ದ. ಬಂಟ್ವಾಳದವನು, ನನ್ನ ವಿಭಾಗದವನೇ. ಕೇಳುವ ಕೋಣೆಗೆ ಈಗ ಅವನನ್ನು ಹಾಕಿದ್ದಾರೆ.

"ಏನ್ ಕೇಳಿಸ್ತದೆ?" ಎಂದೆ.

"ಎಂಜಿನ್ ಕೇಳಿಸ್ತದೆ ಮಾರಾಯಾ. ಅದಕ್ಕಿಂತ ಜಾಸ್ತಿ ಏನೂ ಇಲ್ಲ. ನಿನ್ನೆ ಚೆನ್ನಾಗಿರೋ ಎರಡು ಎಂಜಿನ್ ರಿಜೆಕ್ಟ್ ಮಾಡ್ಬಿಟ್ಟೆ. ಹೋಕಾನ್ ಮುಖ ನೋಡಕ್ಕಾಗಲಿಲ್ಲ. ನೀನು ಬೇಗ ಬಾ." ಹೋಕಾನ್ ನಮ್ಮ ಮ್ಯಾನೇಜರ್.

ಸಿಪ್ರಿಯನ್‌ನ ಸಂಕಟ ಕೇಳಿ ನನಗೆ ಖುಷಿಯಾಯಿತು. ಇದನ್ನು ಬೇರೆ ಎಲ್ಲೂ ಹೇಳುವಂತಿಲ್ಲ, ಇಲ್ಲಿ ಬರೆಯಬಹುದು.

ಸಂಜೆ ಇರಾಳನ್ನು ಈಜಿನ ಕ್ಲಾಸಿನಿಂದ ಕರೆತಂದೆ. ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದಳು. ಅವಳು ಹೇಳುವುದೆಲ್ಲ ಸ್ವೀಡಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವವನು ನಾನು. ಅವಳು ಕಾರಿನಲ್ಲಿ ನನ್ನ ಬಲಗಡೆ ಕೂತಿದ್ದರಿಂದ ಬರೆಯಲು ಏನೂ ಸಿಗಲಿಲ್ಲ. "ಸರಿ, ಸರಿ" ಎಂದೆ. ಮನೆಗೆ ಬಂದು ಶಾಲೆಯ ಕಾಗದವೊಂದಕ್ಕೆ ಸಹಿ ಹಾಕಿಸಿಕೊಂಡಳು, ಎಂದೂ ಇಲ್ಲದವಳು ನನ್ನ ಕುತ್ತಿಗೆ ತಬ್ಬಿಕೊಂಡಳು. ಹದಿನೈದು ವರ್ಷದವರ ಸದ್ದಿಗೆ ಕಾರಣ ಹುಡುಕಬಾರದು.

ಆಮೇಲೆ ಉಲ್ಲಾ ಬ್ರಾಂಟ್‌ಗೆ ಪತ್ರ ಬರೆದೆ. ವಿಳಾಸ ಸಿಡಿಯ ಹಿಂದೆಯೇ ಇತ್ತು. ದೋಷ ಪಟ್ಟಿ ಲಗತ್ತಿಸಿದ್ದೇನೆ. ಯಾರಾದರೂ ಹೇಳಲೇಬೇಕಲ್ಲ.

ಫೆಬ್ರವರಿ ೧೨, ಸೋಮವಾರ

ಉತ್ತರ ಬಂದಿದೆ. ಡಾಕ್ಟರ ಚೀಟಿಗಿಂತ ಕೆಟ್ಟ ಅಕ್ಷರ. ಪ್ರಫುಲ್ಲಾ ಕೆಲಸ ಮಾಡುವುದು ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಮೂರು ವರ್ಷದ ಮಕ್ಕಳ ಗೀಚು ಓದಿ ಅವಳಿಗೆ ಅಭ್ಯಾಸ. ಅವಳೇ ಬಿಡಿಸಿ ಓದಿದಳು.

"ಪ್ರಿಯ ನಂದಕುಮಾರ, ಮುನ್ನೂರು ಪ್ರತಿ ಮಾಡಿಸಿದ್ದೆ. ಇನ್ನೂರಹತ್ತು ನನ್ನ ಗ್ಯಾರೇಜಿನಲ್ಲಿವೆ. ಉಳಿದ ತೊಂಬತ್ತು ಜನರಲ್ಲಿ ಇಷ್ಟು ಗಮನವಿಟ್ಟು ಕೇಳಿದವರು ನೀವೊಬ್ಬರೇ. ಕುರ್ಚಿಯ ವಿಷಯ ನಿಜ. ಪೆಡಲಿನ ವಿಷಯವೂ ನಿಜ. ಆರನೆಯದರಲ್ಲಿ ಗೊರಗೊರ ಎನ್ನುವುದು ನನ್ನ ಹೊಟ್ಟೆ, ಅವತ್ತು ಊಟಕ್ಕೆ ಬಿಡುವಾಗಿರಲಿಲ್ಲ. ಆದರೆ ಪಿಯಾನೋವನ್ನು ಅದೇ ಬೆಳಿಗ್ಗೆ ಶ್ರುತಿ ಮಾಡಿಸಿದ್ದೆ. ಒಂದು ಮಾತು ಕೇಳಲೇ? ನಿಮಗೆ ಎರಡೂ ಕಿವಿ ಒಂದೇ ರೀತಿ ಕೇಳುತ್ತವೆಯೇ?"

ಓದುತ್ತ ಓದುತ್ತ ಪ್ರಫುಲ್ಲಾ ನಗಲು ಶುರುಮಾಡಿದಳು. "ಪಾಪ ಆ ಹೆಂಗಸಿಗೆ ಇಪ್ಪತ್ಮೂರು ತಪ್ಪು ಬರೆದು ಕಳಿಸಿದ್ರಾ? ನನಗೆ ಪಟ್ಟಿ ಗಿಟ್ಟಿ ಕೊಡ್ಬೇಡಿ ಮತ್ತೆ."

ಫೆಬ್ರವರಿ ೧೪, ಬುಧವಾರ

ಗುನ್ನೆಲ್ ಮುಂದೆ ಸಿಡಿಯ ವಿಷಯ ಹೇಳಿದೆ. ಅವಳು ಒಂದು ಸ್ವರವನ್ನು ಮೊದಲು ಎಡಗಿವಿಗೆ ಕೇಳಿಸಿದಳು, ಆಮೇಲೆ ಬಲಗಿವಿಗೆ.

"ಎರಡನೆಯದು ಸ್ವಲ್ಪ ತಗ್ಗು" ಎಂದೆ.

"ಎರಡೂ ಒಂದೇ ಸ್ವರ" ಎಂದಳು.

ಪೆಟ್ಟು ತಿಂದ ಕಿವಿ ಕೆಲವೊಮ್ಮೆ ಸ್ವರವನ್ನೇ ತಪ್ಪಾಗಿ ಕೇಳುತ್ತದೆಯಂತೆ. ಅಂದರೆ ಪಿಯಾನೋ ಸರಿಯಿದೆ. ಅಳೆಯುವ ಮೀಟರೇ ಕೆಟ್ಟಿದೆ. ಮೀಟರ್ ಎಂದರೆ ನಾನು.

ಇದು ಎಂದಿಗೆ ಸರಿಹೋಗುತ್ತದೆ ಎಂದು ಕೇಳಿದೆ. ಗುನ್ನೆಲ್ ಗೊತ್ತಿಲ್ಲ ಎನ್ನುವುದನ್ನು ಬಹಳ ಮರ್ಯಾದೆಯಿಂದ ಹೇಳಿದಳು.

ಫೆಬ್ರವರಿ ೧೫

ಕೇಳಲಿಲ್ಲ. ಬರೆಯುವುದಕ್ಕೂ ಏನಿಲ್ಲ.

ಫೆಬ್ರವರಿ ೨೦, ಮಂಗಳವಾರ

ಇವತ್ತು ದೇಶಕ್ಕೆ ದೇಶವೇ ಸೆಮ್ಲಾ ತಿನ್ನುವ ದಿನ. ಏಲಕ್ಕಿ ಬನ್ನಿನ ತಲೆ ಕತ್ತರಿಸಿ, ಬಾದಾಮಿ ಮತ್ತು ಕೆನೆ ತುಂಬಿ, ತಲೆಯನ್ನು ಮತ್ತೆ ಟೋಪಿಯಂತೆ ಇಟ್ಟಿರುತ್ತಾರೆ. ಪ್ರಫುಲ್ಲಾ ದಾಗಿಸ್‌ನಿಂದ ನಾಲ್ಕು ತಂದಿದ್ದಳು. ಮೂವರೂ ಕೂತು ತಿಂದೆವು.

ಉಲ್ಲಾಗೆ ಕ್ಷಮೆ ಕೇಳಿ ಬರೆದಾಗಿದೆ. ಬರೆದ ಮೇಲೆ ಸಿಡಿಯನ್ನು ಮತ್ತೆ ಹಾಕಿದೆ, ಕೇಳಿದ ದೋಷಗಳಲ್ಲಿ ಯಾವುದು ಅವಳದು ಯಾವುದು ನನ್ನದು ಎಂದು ವಿಂಗಡಿಸಲು. ಒಮ್ಮೆ ಬಲಗಿವಿ ಮುಚ್ಚಿ, ಒಮ್ಮೆ ಎಡಗಿವಿ ಮುಚ್ಚಿ. ಹೀಗೆ ನಾಲ್ಕು ದಿನದಲ್ಲಿ ಮಾಯ್‌ರೋಸ್ ಒಂದನ್ನೇ ಮೂವತ್ತು ಸಲ ಕೇಳಿರಬೇಕು. ಎಡಗೈ ನಿಧಾನ ನಡೆಯುತ್ತಾ ಇರುತ್ತದೆ. ಬಲಗೈ ನಡುವೆ ಬಂದು ಏನೋ ಕೇಳುತ್ತದೆ. ಉತ್ತರವಿಲ್ಲ. ಮತ್ತೆ ಕೇಳುತ್ತದೆ. ಎರಡೂ ನಿಂತುಬಿಡುತ್ತವೆ, ಹನ್ನೊಂದು ಸೆಕೆಂಡು. ಆಮೇಲೆ ಮೇಲೆ ಎಲ್ಲೋ ಒಂದೇ ಒಂದು ಸ್ವರ.

ಸೆಮ್ಲಾ ತಿನ್ನುತ್ತಾ ಪ್ರಫುಲ್ಲಾಗೆ ಹೇಳಿದೆ. "ಈ ಮಾಯ್‌ರೋಸ್ ಯಾರೋ ತುಂಬಾ ನೋವು ತಿಂದವಳು ಕಣೇ. ಮಾತು ಕಡಿಮೆ. ಉಲ್ಲಾ ನೋಡೋಕೆ ಹೋಗಿದಾಳೆ, ಹೇಗಿದೀಯಾ ಅಂತ ಕೇಳ್ತಿದಾಳೆ, ಅವಳು ಬಾಯೇ ಬಿಡಲ್ಲ. ಗಂಡ ಬಿಟ್ಟಿರ್ಬೇಕು."

ಇರಾಳ ಮೂಗಿನ ತುದಿಗೆ ಕೆನೆ ಹತ್ತಿತ್ತು. ತಲೆಯೆತ್ತಿ, "ಪಪ್ಪ, ಮಾಯ್‌ರೋಸ್ ಹಸುವಿನ ಹೆಸರು" ಎಂದಳು.

"ಏನಂದೆ?"

ಅವಳು ಎದ್ದು ನನ್ನ ಎಡಗಡೆಗೆ ಬಂದಳು. "ಹಸು. ಅಂಬಾ ಅನ್ನುವುದು. ಸ್ವೀಡನ್ನಿನ ಎಲ್ಲ ಮಕ್ಕಳಿಗೂ ಗೊತ್ತು. ಸ್ಟಿಯಾರ್ನಾ ಕೂಡ ಹಸು. ಇದು ಹನ್ನೊಂದು ಹಸುಗಳ ಸಿಡಿ."

ಪ್ರಫುಲ್ಲಾ ಮೇಜಿಗೆ ತಲೆಯಿಟ್ಟು ನಕ್ಕಳು. "ಗಂಡ ಬಿಟ್ಟಿರ್ಬೇಕಂತೆ" ಎಂದು ಹೇಳುವುದು, ಮತ್ತೆ ನಗುವುದು. ಇರಾಗೆ ಆ ಕನ್ನಡ ಅರ್ಥವಾಗಿ ಅವಳೂ ಶುರುಮಾಡಿದಳು. ಇರಾ ಹೀಗೆ ನಗುವಾಗ ನಡುವೆ ಒಂದು ಸಣ್ಣ ಬಿಕ್ಕು ಬರುತ್ತದೆ. ಪ್ರಫುಲ್ಲಾಗೂ ಬರುತ್ತದೆ. ಒಂದೇ ಬಿಕ್ಕು. ಇಷ್ಟು ವರ್ಷ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ನಾಲ್ಕನೆಯ ಸೆಮ್ಲಾ ಯಾರು ತಿಂದರೋ ಗೊತ್ತಾಗಲಿಲ್ಲ.

ಮಾರ್ಚ್ ೧, ಗುರುವಾರ

ಉಲ್ಲಾಳಿಂದ ಪತ್ರ. ಇರಾ ಹೇಳಿದ್ದು ಸರಿ. ಆಕೆ ಪಶುವೈದ್ಯೆ. ಮೂವತ್ತೊಂದು ವರ್ಷದಿಂದ ಹಳ್ಳಿ ಹಳ್ಳಿ ಸುತ್ತುತ್ತಾಳೆ, ಮನೆಗೆ ಬಂದು ಕೈ ತೊಳೆದು ಪಿಯಾನೋ ಮುಂದೆ ಕೂರುತ್ತಾಳೆ.

ಮಾಯ್‌ರೋಸ್ ಬಗ್ಗೆ ಹೀಗೆ ಬರೆದಿದ್ದಾಳೆ: "ಕರು ಅಡ್ಡ ತಿರುಗಿತ್ತು. ಮೂರು ತಾಸು ಹುಲ್ಲಿನ ಮೇಲೆ ಮೊಣಕಾಲೂರಿ ಕೂತಿದ್ದೆ. ಕೊನೆಗೆ ಎಳೆದು ತೆಗೆದೆವು. ಉಸಿರಿರಲಿಲ್ಲ. ರೈತ, ಅವನ ಹೆಂಡತಿ, ನಾನು, ಮೂವರೂ ಸುಮ್ಮನೆ ನೋಡುತ್ತಾ ನಿಂತೆವು. ನೀವು ರೆಕಾರ್ಡಿಂಗ್ ಕಡಿದಿದೆ ಎಂದಿರಲ್ಲ, ಅದು ಆ ಹೊತ್ತು. ನಂತರದ ಸ್ವರ ಕರುವಿನದು."

ನನ್ನ ಪಟ್ಟಿಯಿಂದ ಆ ದೋಷವನ್ನು ಹೊಡೆದುಹಾಕಿದೆ. ಏಪ್ರಿಲ್ ಹದಿನಾಲ್ಕರಂದು ಯೋ ಚರ್ಚಿನ ಸಭಾಂಗಣದಲ್ಲಿ ನುಡಿಸುತ್ತಾಳಂತೆ, ಬನ್ನಿ ಎಂದಿದ್ದಾಳೆ.

ಮಾರ್ಚ್ ೮, ಗುರುವಾರ

ಶಾಲೆಯಲ್ಲಿ ಪೋಷಕರ ಭೇಟಿ. ಒಂಬತ್ತನೆಯ ತರಗತಿ, ಮುಂದಿನ ಮೂರು ವರ್ಷ ಯಾವ ವಿಭಾಗ ಎಂಬುದು ಈಗಲೇ ನಿರ್ಧಾರವಾಗಬೇಕು. ಇರಾ ವಿಜ್ಞಾನ ಎಂದು ನಾನು ಅವಳು ದಾಗಿಸ್‌ನಲ್ಲಿದ್ದಾಗಲೇ ನಿರ್ಧರಿಸಿದ್ದೆ.

ಟೀಚರ್ ಕಾಗದ ತೆಗೆದು, "ಇರಾ ವಾಹನ ವಿಭಾಗ ಆರಿಸಿದ್ದಾಳೆ. ನೀವು ಬೆಂಬಲ ಕೊಟ್ಟಿದ್ದು ಬಹಳ ಸಂತೋಷ. ಎಷ್ಟೋ ಅಪ್ಪಂದಿರು ಒಪ್ಪುವುದಿಲ್ಲ" ಎಂದಳು.

ವಾಹನ ವಿಭಾಗ. ಅಂದರೆ ಗ್ಯಾರೇಜ್. ಅಂದರೆ ನೀಲಿ ಅಂಗಿ ಹಾಕಿಕೊಂಡು ಕಾರಿನ ಕೆಳಗೆ ಮಲಗುವುದು. ಕೆಳಗೆ ನನ್ನದೇ ಸಹಿ, ಫೆಬ್ರವರಿ ಒಂದರದ್ದು.

ಟೀಚರ್ ಎದುರು ನಗುತ್ತಾ ಕೂತಿದ್ದೆ. ಕಾರಿಗೆ ಬಂದ ಮೇಲೆ, "ನಂಗೆ ಮೋಸ ಮಾಡಿದೀಯಾ" ಎಂದೆ.

ಅವಳು ಹಿಂದಿನ ಸೀಟಿನಲ್ಲಿ ಎಡಗಡೆ ಕೂತಿದ್ದಳು. ಹಾಗಾಗಿ ಪ್ರತಿ ಮಾತೂ ಕೇಳಿಸಿತು. "ಮೂರು ಸಲ ಕೇಳಿದ್ದೇನೆ, ಪಪ್ಪ. ಮೂರು ಸಲವೂ ಕಾರಿನಲ್ಲಿ. ಮೂರು ಸಲವೂ ನೀವು ಸರಿ ಅಂದಿರಿ. ನಾನು ಎಷ್ಟು ಖುಷಿಯಾಗಿದ್ದೆ ಗೊತ್ತಾ? ಎಲ್ಲರಿಗೂ ಹೇಳಿದೆ, ನಮ್ಮಪ್ಪ ಹೂಂ ಅಂದರು ಅಂತ."

"ನನ್ನ ಕಿವಿ ಕೆಟ್ಟಿದೆ ಅಂತ ಗೊತ್ತಿಲ್ವಾ ನಿಂಗೆ?"

ಉತ್ತರ ಕೊಟ್ಟವಳು ಪಕ್ಕದಲ್ಲಿದ್ದ ಪ್ರಫುಲ್ಲಾ, ನನ್ನ ಬಲಗಿವಿಯ ಹತ್ತಿರ ಬಾಗಿ, ಜೋರಾಗಿ. "ಕಿವಿ ಕೆಟ್ಟಿದ್ದು ಜನವರಿಲಿ. ಅವಳು ಮೊದಲ್ನೇ ಸಲ ಕೇಳಿದ್ದು ಡಿಸೆಂಬರಲ್ಲಿ. ನಾನೂ ಕಾರಲ್ಲೇ ಇದ್ದೆ."

ಮಾರ್ಚ್ ೯, ಶುಕ್ರವಾರ

ಆಯ್ಕೆ ಬದಲಾಯಿಸಲು ಏಪ್ರಿಲ್ ಇಪ್ಪತ್ತೇಳರವರೆಗೆ ಅವಕಾಶವಿದೆ. ಫಾರಂ ತರಿಸಿಕೊಂಡಿದ್ದೇನೆ. ತುಂಬಿ ಇಟ್ಟಿದ್ದೇನೆ. ಇರಾಳ ಸಹಿ ಒಂದು ಬಾಕಿ.

ಪ್ರಫುಲ್ಲಾ ಹೇಳಿದ ಡಿಸೆಂಬರ್ ನನಗೆ ನೆನಪೇ ಆಗುತ್ತಿಲ್ಲ. ಕಾರು ನೆನಪಿದೆ. ಮುಂದಿನ ಎಡ ಚಕ್ರದ ಬೇರಿಂಗಿನಲ್ಲಿ ಸಣ್ಣ ಗುಯ್ ಎಂಬ ಸದ್ದಿತ್ತು, ಅದನ್ನೇ ಕೇಳುತ್ತಿದ್ದೆ.

ಮಾರ್ಚ್ ೧೩

ಇರಾ ಮಾತು ಬಿಟ್ಟಿದ್ದಾಳೆ. ರೊಟ್ಟಿಯನ್ನು ಕೂಡ ಕೋಣೆಗೆ ಒಯ್ದು ತಿನ್ನುತ್ತಾಳೆ. ಅಡುಗೆ ಮನೆ ಮೌನ. ಇಷ್ಟು ಮೌನ ಬೇಕಿರಲಿಲ್ಲ.

ಮಾಯ್‌ರೋಸ್ ಎರಡು ಸಲ. ರೋಸಾ ಒಂದು ಸಲ. ಇವಳು ಒದೆಯುವ ಹಸು ಎನ್ನುವುದರಲ್ಲಿ ಸಂಶಯವಿಲ್ಲ.

ಮಾರ್ಚ್ ೨೯, ಗುರುವಾರ

ಆಸ್ಪತ್ರೆಯಲ್ಲಿ ಪರೀಕ್ಷೆ. ಬಲಗಿವಿ ಅರ್ಧಕ್ಕೆ ಬಂದಿದೆ. ಸ್ವರದ ವ್ಯತ್ಯಾಸವೂ ಕಡಿಮೆಯಾಗಿದೆ. ಇನ್ನು ಹೆಚ್ಚು ಬರಲಾರದು ಎಂದರು. ಮಾತಿಗೆ, ಬದುಕಿಗೆ ಸಾಕಂತೆ.

ಕೇಳುವ ಕೋಣೆಗೆ ಸಾಲದು. ಹೋಕಾನ್ ಫೀಕಾಗೆ ಕರೆದು, ಕಾಫಿ ಮತ್ತು ದಾಲ್ಚಿನ್ನಿ ಬನ್ನಿನ ಮಧ್ಯೆ ಇದನ್ನು ಹೇಳಿದ. ಇಲ್ಲಿ ಕೆಟ್ಟ ಸುದ್ದಿಗೂ ಬನ್ನು ಕೊಡುತ್ತಾರೆ. ಎರಡು ದಾರಿ ಇವೆಯಂತೆ: ಕಾಗದಪತ್ರದ ವಿಭಾಗ, ಇಲ್ಲವೇ ಹೊಸಬರಿಗೆ ಕೇಳುವುದನ್ನು ಕಲಿಸುವುದು.

"ಕಲಿಸೋದಕ್ಕೆ ನನಗೆ ತಾಳ್ಮೆ ಇಲ್ಲ" ಎಂದೆ.

"ಗೊತ್ತು" ಎಂದ ಹೋಕಾನ್. "ಅದಕ್ಕೇ ಕಾಗದಪತ್ರವನ್ನು ಮೊದಲು ಹೇಳಿದೆ."

ಪ್ರಫುಲ್ಲಾ ಸಂಜೆ ನೀರು ದೋಸೆ ಮಾಡಿದಳು. ಕಾವಲಿ ಮೇಲೆ ಹಿಟ್ಟು ಬಿದ್ದಾಗ ಬರುವ ಸದ್ದು ಪೂರ್ತಿ ಕೇಳಿಸಿತು, ಎರಡೂ ಕಡೆಯಿಂದ. ಕಪಾಟು ಮೆಲ್ಲಗೆ ಮುಚ್ಚುತ್ತಿದ್ದಳು. "ಬಡಿದರೂ ಪರವಾಗಿಲ್ಲ" ಎಂದೆ.

ಏಪ್ರಿಲ್ ೧೪, ಶನಿವಾರ

ಯೋ ಊರಿಗೆ ಹೋಗಿ ಬಂದೆ. ಪ್ರಫುಲ್ಲಾಗೆ ದಾಗಿಸ್‌ನ ಸ್ವಚ್ಛತಾ ದಿನ. ಇರಾ ಬರುತ್ತೇನೆ ಎಂದಳು. ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ವಾಕ್ಯ ಅದು. ಹನ್ನೊಂದು ಹಸುಗಳ ಹೆಂಗಸನ್ನು ನೋಡಬೇಕಂತೆ. ಹಿಂದಿನ ಸೀಟಿನ ಎಡಗಡೆ ಕೂತಳು, ಟ್ಯಾಕ್ಸಿಯಲ್ಲಿ ಕೂತವಳಂತೆ.

ಸಭಾಂಗಣದಲ್ಲಿ ನಾವು ಹದಿನಾಲ್ಕು ಜನ. ಅರ್ಧಕ್ಕರ್ಧ ರೈತರು. ಉಲ್ಲಾ ಗಟ್ಟಿಮುಟ್ಟಾದ ಹೆಂಗಸು, ಬಿಳಿ ಕೂದಲು, ಕೆಂಪು ಕೈಗಳು. ಕುರ್ಚಿ ಕಿರುಗುಟ್ಟಿತು. ನಾನು ನಗುವುದನ್ನು ನೋಡಿ, "ಓ, ನಂದಕುಮಾರ ಬಂದಿದ್ದೀರಿ" ಎಂದು ಎಲ್ಲರೆದುರು ಹೇಳಿದಳು. ಮಾಯ್‌ರೋಸ್ ನುಡಿಸುವಾಗ ಆ ಹನ್ನೊಂದು ಸೆಕೆಂಡಿಗೆ ನಾನು ಕಾಯುತ್ತಿದ್ದೆ. ಇವತ್ತು ಎಷ್ಟಿತ್ತೋ ಎಣಿಸಲಿಲ್ಲ. ಎದುರಿನ ಸಾಲಿನಲ್ಲಿ ಒಬ್ಬ ಮುದುಕ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. ಆಮೇಲೆ ಗೊತ್ತಾಯಿತು, ಅವನದೇ ಹಸು.

ಹೊರಗೆ ಉಲ್ಲಾಳ ಹಳೆಯ ಕಾರು. ಏಳು ತಿಂಗಳಿಂದ ಏನೋ ಕೀರಲು ಸದ್ದು, ಗ್ಯಾರೇಜಿಗೆ ಒಯ್ಯಲು ಪುರಸೊತ್ತಿಲ್ಲ ಎಂದಳು. ನಾನು ಮುಂದೆ ನಿಂತು, ಕಣ್ಣು ಮುಚ್ಚಿ, "ಶುರು ಮಾಡಿ" ಎಂದೆ. ಮೂರು ತಿಂಗಳ ಮೇಲೆ ಮೊದಲ ಎಂಜಿನ್. ಹೌದು, ಇತ್ತು ಸದ್ದು. "ವಾಟರ್ ಪಂಪ್" ಎಂದೆ. ಪೂರ್ತಿ ವಿಶ್ವಾಸದಿಂದ.

"ಅಲ್ಲ" ಎಂದಳು ಇರಾ.

"ಬೆಲ್ಟ್ ಇರಬಹುದು."

"ಪಪ್ಪ, ಸದ್ದು ಮುಂದಿನಿಂದ ಬರ್ತಿಲ್ಲ."

ಒಂದು ಕಿವಿ ಕೆಟ್ಟರೆ ಸದ್ದಿನ ದಿಕ್ಕು ಗೊತ್ತಾಗುವುದಿಲ್ಲ. ಗುನ್ನೆಲ್ ಹೇಳಿದ್ದಳು, ಮರೆತಿದ್ದೆ. ಇರಾ ಕಾರನ್ನು ಒಂದು ಸುತ್ತು ಹಾಕಿದಳು, ಬಗ್ಗಿದಳು, ಹಿಂದಿನ ಬಾಗಿಲು ತೆಗೆದಳು. ರಬ್ಬರ್ ಬೂಟು, ಬಕೆಟ್ಟು, ಹಗ್ಗ, ಅದರಡಿಯಲ್ಲಿ ಒಂದು ಸ್ಟೀಲ್ ಪೆಟ್ಟಿಗೆ. ಕರು ಎಳೆಯುವ ಸರಪಳಿ ಅದರೊಳಗೆ. ಎಂಜಿನ್ ನಡುಗಿದಾಗಲೆಲ್ಲ ಪೆಟ್ಟಿಗೆಯ ಮುಚ್ಚಳ ಕಬ್ಬಿಣದ ಸರಳಿಗೆ ಉಜ್ಜುತ್ತಿತ್ತು. ಇರಾ ಎತ್ತಿ ಹಿಡಿದಳು. ಸದ್ದು ನಿಂತಿತು. ಕೆಳಗಿಟ್ಟಳು. ಬಂತು. ಮತ್ತೆ ಎತ್ತಿದಳು.

ಉಲ್ಲಾ, ಇರಾ, ಟೋಪಿಯ ಮುದುಕ, ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಬಳಿಕ ಇರಾ ಬಾನೆಟ್ ಕೂಡ ತೆರೆದು ಉಲ್ಲಾಗೆ ಏನೇನೋ ತೋರಿಸಿದಳು. ಆ ಬೆಲ್ಟನ್ನು ಇನ್ನೊಂದು ವರ್ಷದಲ್ಲಿ ಬದಲಾಯಿಸಬೇಕು, ಯಾಕೆಂದರೆ ಅಂಚು ಸವೆದಿದೆ, ಅಂಚು ಸವೆಯುವುದು ಯಾವಾಗೆಂದರೆ... ಹೀಗೆ. ಎಲ್ಲಿ ಕಲಿತಳೋ. ಉಲ್ಲಾ ನನಗೆ ವಿವರಿಸುವಷ್ಟೇ ಗಂಭೀರವಾಗಿ ಅವಳಿಗೂ ಪ್ರಶ್ನೆ ಕೇಳುತ್ತಿದ್ದಳು. ನಾನು ಇರಾಳ ಬಲಗಡೆ ಹೋಗಿ ನಿಂತೆ, ನನ್ನ ಒಳ್ಳೆಯ ಕಿವಿ ಅವಳ ಕಡೆಗಿರಲಿ ಎಂದು. ಗಾಳಿ ಬಹಳ ಇತ್ತು.

ಏಪ್ರಿಲ್ ೨೭, ಶುಕ್ರವಾರ

ಇವತ್ತು ಕೊನೆಯ ದಿನ. ಐದು ಗಂಟೆಗೆ ಕಛೇರಿ ಮುಚ್ಚುತ್ತದೆ. ಮೂರೂವರೆಗೆ ಇರಾ ಶಾಲೆಯಿಂದ ಬಂದು ಚೀಲವನ್ನೂ ಇಳಿಸದೆ ನನ್ನೆದುರು ನಿಂತಳು.

"ಫಾರಂ ಎಲ್ಲಿ? ಸಹಿ ಬೇಕಲ್ಲ ನಿಮಗೆ."

ಫಾರಂ ಮೇಜಿನ ಮೇಲೆಯೇ ಇತ್ತು. ಅವಳು ಪೆನ್ ತೆಗೆದಳು. ಕಣ್ಣು ಕೆಂಪಗಿತ್ತು. ಸಹಿ ಹಾಕಿಯೇ ಬಿಡುತ್ತಾಳೆ ಎಂದು ನನಗೆ ಗಾಬರಿಯಾಯಿತು.

"ಕೂತ್ಕೋ" ಎಂದೆ. "ಡಿಸೆಂಬರಲ್ಲಿ ಕಾರಲ್ಲಿ ಏನ್ ಕೇಳ್ದೆ? ಆಗ ನಾನು ಕೇಳಿಸ್ಕೊಂಡಿಲ್ಲ."

ಅವಳು ಚೀಲ ಇಳಿಸಿ ಕೂತಳು. ಆಮೇಲೆ ಹೇಳಿದಳು. ಅರ್ಧ ಸ್ವೀಡಿಷ್, ನಡುನಡುವೆ ಕನ್ನಡ. ಎಂಟು ವರ್ಷದವಳಿದ್ದಾಗ ನಾನು ಅವಳನ್ನು ಕಾರ್ಖಾನೆಯ ಸಾರ್ವಜನಿಕ ಪ್ರವೇಶದ ದಿನ ಕರೆದೊಯ್ದು, ಒಂದು ಎಂಜಿನ್ನಿನ ಮೇಲೆ ಅವಳ ಅಂಗೈ ಇಡಿಸಿದ್ದೆನಂತೆ. ಅವತ್ತಿನಿಂದ ಶುರುವಂತೆ. ಪುಸ್ತಕದಲ್ಲಿ ಎಂಜಿನ್ ಓದುವುದು ಅವಳಿಗೆ ಬೇಡ, ಕೈಯಲ್ಲಿ ಬಿಚ್ಚಬೇಕು. ಆಮೇಲೆ ಬೇಕೆಂದರೆ ಎಂಜಿನಿಯರಿಂಗ್ ಕೂಡ ಓದಬಹುದು, ಅದಕ್ಕೆ ಬೇಕಾದ ಹೆಚ್ಚಿನ ಗಣಿತವನ್ನೂ ಆರಿಸಿಕೊಂಡಿದ್ದಾಳೆ. ಉತ್ತರದ ಲುಲೆಯೊ ನಗರದ ಕಾಲೇಜಿನ ಹೆಸರು ಕೂಡ ಹೇಳಿದಳು. ಇದನ್ನೆಲ್ಲ ಫೆಬ್ರವರಿಯ ಆ ಕಾಗದದ ಎರಡನೆಯ ಪುಟದಲ್ಲೇ ಬರೆದಿದ್ದಳಂತೆ. ನಾನು ಸಹಿ ಹಾಕಿದ್ದು ಮೊದಲನೆಯ ಪುಟಕ್ಕೆ.

ನಾನು ಸುಮಾರು ಪ್ರಶ್ನೆ ಕೇಳಿದೆ. ತರಗತಿಯಲ್ಲಿ ಹುಡುಗಿಯರು ಎಷ್ಟು? ಇಬ್ಬರು. ಹೆದರಿಕೆ ಇಲ್ಲವಾ? ಇದೆ. ಎರಡು ಸಲ ಮತ್ತೆ ಹೇಳಿಸಿಕೊಂಡೆ, ಎರಡು ಸಲವೂ ಅವಳು ಬೇಸರವಿಲ್ಲದೆ ಹೇಳಿದಳು. ಪ್ರಫುಲ್ಲಾ ಬಂದಾಗ ಐದೂವರೆ.

"ಏನಾಯ್ತು?" ಎಂದಳು, ಮೇಜಿನ ಮೇಲಿದ್ದ ಫಾರಂ ನೋಡಿ.

"ಕಛೇರಿ ಮುಚ್ತು" ಎಂದೆ.

ಇರಾ ಪೆನ್ನಿನ ಮುಚ್ಚಳ ಹಾಕಿ ಚೀಲದೊಳಗೆ ಇಟ್ಟಳು. ನಾನು ಹೋಕಾನ್‌ಗೆ ಫೋನ್ ಮಾಡಿ, ಕಲಿಸುವ ಕೆಲಸಕ್ಕೇ ಬರುತ್ತೇನೆ ಎಂದೆ. ಕಾಗದಪತ್ರದ ಎರಡನೆಯ ಪುಟ ಓದುವ ಅಭ್ಯಾಸ ನನಗಿಲ್ಲ.

ಮೇ ೭, ಸೋಮವಾರ

ಕೆಲಸದ ಮೊದಲ ದಿನ. ಸಿಪ್ರಿಯನ್ ಮತ್ತು ಇಬ್ಬರು ಹೊಸಬರು. ಎಂಜಿನ್ ಓಡಿಸಿ, ಮೂವರೂ ಏನು ಕೇಳಿಸಿತು ಎಂದು ಹೇಳುವ ತನಕ ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ಬೇರೆ ದಾರಿಯಿಲ್ಲದ್ದರಿಂದ. ನನಗೆ ಪೂರ್ತಿ ಕೇಳಿಸುವುದಿಲ್ಲವಲ್ಲ. ಸಿಪ್ರಿಯನ್ ಒಂದು ವಾಲ್ವ್ ಟ್ಯಾಪೆಟ್ಟಿನ ಟಕಟಕ ಹಿಡಿದ. ಅವನು ಹೇಳಿದ್ದು ಸರಿಯಾಗಿತ್ತು. ಮಧ್ಯಾಹ್ನ ಊಟದ ಕೋಣೆಯಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು ಬಂದ.

ಬರೆಯಲು ಬಿಡುವು ಕಡಿಮೆ.

ಜೂನ್ ೯, ಶನಿವಾರ

ಒಂದು ತಿಂಗಳಿಂದ ಬರೆದಿಲ್ಲ. ಇವತ್ತಿನದನ್ನು ಗುನ್ನೆಲ್‌ಗೆ ಹೇಳಬೇಕಾದ್ದರಿಂದ ಬರೆಯುತ್ತಿದ್ದೇನೆ.

ಉಲ್ಲಾ ಎರಡನೆಯ ಸಿಡಿ ಮಾಡುತ್ತಿದ್ದಾಳೆ. ಈ ಸಲ ಕುದುರೆಗಳು. ರೆಕಾರ್ಡಿಂಗ್ ವೇಳೆ ದೋಷ ಹಿಡಿಯಲು ನನ್ನಷ್ಟು ಯೋಗ್ಯರು ಯಾರೂ ಇಲ್ಲವೆಂದು ಕರೆಸಿಕೊಂಡಳು. ಮೂವರೂ ಹೋದೆವು. ಅದೇ ಸಭಾಂಗಣ, ಕಿಟಕಿ ತೆರೆದಿತ್ತು, ಹೊರಗೆ ಲೈಲಾಕ್ ಹೂವು. ಪ್ರಫುಲ್ಲಾ, ಇರಾ ಹಿಂದೆ ಕೂತರು. ನನಗೆ ಮುಂದೆ ಒಂದು ಮೇಜು, ಕಾಗದ, ಪೆನ್ಸಿಲ್.

ಮೊದಲ ತುಣುಕಿನ ಹೆಸರು ಇನ್ನೂ ಇಟ್ಟಿಲ್ಲವಂತೆ. ಒಂದು ಹೆಣ್ಣು ಕುದುರೆ, ಕಣ್ಣು ಕಾಣುವುದಿಲ್ಲ, ಆದರೂ ಗದ್ದೆಯ ಬೇಲಿಯುದ್ದಕ್ಕೂ ಓಡುತ್ತದೆ ಎಂದಳು. ನುಡಿಸಿದಳು. ಮೊದಲು ಹೆಜ್ಜೆ ಹುಡುಕಿದಂತೆ, ಆಮೇಲೆ ಒಮ್ಮೆಗೇ ಬಿಟ್ಟುಕೊಟ್ಟಂತೆ, ಎರಡೂ ಕೈ ಒಟ್ಟಿಗೆ. ಆರು ನಿಮಿಷವಂತೆ. ಅಷ್ಟಿರಲಾರದು ಎನಿಸಿತು.

ಮುಗಿಸಿ ನನ್ನತ್ತ ತಿರುಗಿದಳು. "ಹೇಳಿ. ಎಷ್ಟು ದೋಷ?"

ಕಾಗದ ನೋಡಿದೆ. ಖಾಲಿ. "ಇನ್ನೊಮ್ಮೆ ನುಡಿಸಿ" ಎಂದೆ.

ಹಿಂದಿನಿಂದ ಇರಾ ನಗುತ್ತಾ, "ಪಪ್ಪ, ನಡುವೆ ಟ್ರ್ಯಾಕ್ಟರ್ ಹೋಯ್ತಲ್ಲ" ಎಂದಳು, ಕನ್ನಡದಲ್ಲಿ.

"ಯಾವ ಟ್ರ್ಯಾಕ್ಟರ್?"

"ಕಿಟಕಿ ಪಕ್ಕನೇ ಹೋಯ್ತು ರೀ" ಎಂದಳು ಪ್ರಫುಲ್ಲಾ. "ನೆಲ ಎಲ್ಲಾ ನಡುಗ್ತು."

"ಬಲಗಡೆ ಹೋಗಿರ್ಬೇಕು" ಎಂದೆ.

ಇರಾ ಎದ್ದು ಬಂದು ಕಿಟಕಿ ತೋರಿಸಿದಳು. ಕಿಟಕಿ ನನ್ನ ಎಡಗಡೆ ಇತ್ತು, ಎರಡು ಮೀಟರ್ ದೂರದಲ್ಲಿ, ತೆರೆದೇ ಇತ್ತು.

ಇದು ಚಿಂತೆಯ ವಿಷಯ. ಎಡಗಿವಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಬೇಕು.